ಡಬ್ಬ ನೋಡಿ ಮರುಳಾಗಬೇಡಿ, ತುಣುಕು ಎಣಿಸಿ ಕೊಳ್ಳಿ



ಅಕ್ಕಿ ಕೊಳ್ಳುವಾಗ ಚೀಲದ ಮೇಲಿನ ಚಿತ್ರ ನೋಡಿ ಯಾರಾದರೂ ಕೊಳ್ಳುತ್ತೇವೆಯೇ? ಒಂದು ಹಿಡಿ ಅಂಗೈಗೆ ಹಾಕಿಕೊಂಡು ನುಚ್ಚು ಎಷ್ಟು, ಕಲ್ಲು ಎಷ್ಟು, ಹೊಸತೋ ಹಳತೋ ಎಂದು ನೋಡಿ ಆಮೇಲೆ ದರ ಕೇಳುತ್ತೇವೆ. ಸೀರೆಯಾದರೆ ಸೆರಗು ಬಿಡಿಸಿ ನೋಡದೆ ಹಣ ಬಿಚ್ಚುವುದಿಲ್ಲ. ಆದರೆ ಆಟಿಕೆ ಅಂಗಡಿಗೆ ಹೋದೊಡನೆ ಈ ಜಾಣತನವೆಲ್ಲ ಎಲ್ಲಿಗೆ ಹೋಗುತ್ತದೋ! ಡಬ್ಬ ದೊಡ್ಡದಿದ್ದರೆ ಒಳಗಿರುವುದೂ ದೊಡ್ಡದೆಂದು ನಂಬಿಬಿಡುತ್ತೇವೆ.

ಈ ಸಲದ ಮಾತು ಅದರದ್ದೇ. ಒಂದಕ್ಕೊಂದು ಕೂಡಿಸಿ ಮನೆ, ಸೇತುವೆ, ರೈಲು ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆಗಳ ಸೆಟ್ ಉಂಟಲ್ಲ, ಅದನ್ನು ಕೊಳ್ಳುವ ಬಗೆ. "ಅದು ಮಕ್ಕಳ ವಿಷಯ, ನಮಗೆಂತಕ್ಕೆ?" ಎಂದು ಪುಟ ತಿರುವಬೇಡಿ. ಬಂಟ್ವಾಳ ಕಡೆಯ ಓದುಗ ಸೋದರಿಯೊಬ್ಬರು ಬರೆದ ಈ ಪತ್ರ ಓದಿ:

"ಮಗ ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋದ ಮೇಲೆ ಅವನ ಹಳೆಯ ಇಟ್ಟಿಗೆ ಆಟಿಕೆಗಳನ್ನು ಅಟ್ಟದಿಂದ ಇಳಿಸಿದೆ. ತೊಳೆದು ಯಾರಿಗಾದರೂ ಕೊಡುವ ಎಂದಿದ್ದೆ. ಮಧ್ಯಾಹ್ನ ಕೂತು ಸುಮ್ಮನೆ ಒಂದು ಸಣ್ಣ ಮನೆ ಜೋಡಿಸಿದೆ. ಈಗ ದಿನಾ ಅದೇ ಕೆಲಸ! ರವಿಕೆ ಹೊಲಿದ ದುಡ್ಡಿನಲ್ಲಿ 4,000 ರೂಪಾಯಿ ಉಳಿಸಿದ್ದೇನೆ. ಒಂದು ಒಳ್ಳೆಯ ಸೆಟ್ ತೆಗೆದುಕೊಳ್ಳುವ ಆಸೆ. ಮನೆಯವರು ನಗುತ್ತಾರೆ. ಅತ್ತೆ 'ಈ ಪ್ರಾಯದಲ್ಲಿ ಎಂತ ಮಕ್ಕಳಾಟಿಕೆ?' ಎನ್ನುತ್ತಾರೆ. ಮೊನ್ನೆ ಪಂಪ್‌ವೆಲ್‌ನಲ್ಲಿ ಬಸ್ಸಿಗೆ ಕಾಯುವಾಗ ಒಬ್ಬ ದೊಡ್ಡ ಡಬ್ಬ ತೋರಿಸಿ, 'ಅಕ್ಕ, ಸಾವಿರ ತುಣುಕು ಉಂಟು, ಅಂಗಡಿಯಲ್ಲಿ 8,000, ನಿಮಗೆ 1,500ಕ್ಕೆ ಕೊಡ್ತೇನೆ' ಎಂದ. ಕೊಳ್ಳಬಹುದೇ? ಅಲ್ಲ, ನನಗೇ ಹುಚ್ಚು ಹಿಡಿದಿದೆಯೇ?"

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಹುಚ್ಚು ಖಂಡಿತ ಅಲ್ಲ. ಕ್ರೋಶಾ ಹೆಣೆಯುವವರಿಗೆ, ಮಣಿ ಪೋಣಿಸಿ ಬಾಗಿಲ ತೋರಣ ಮಾಡುವವರಿಗೆ ಯಾರೂ ಹುಚ್ಚು ಎನ್ನುವುದಿಲ್ಲ. ಇದೂ ಅಂಥದೇ ಕೈಕೆಲಸ, ದಾರದ ಬದಲು ಇಟ್ಟಿಗೆ, ಅಷ್ಟೆ. ಡಬ್ಬದ ಮೇಲೆ '18+' ಎಂದು ಅಚ್ಚು ಹಾಕಿ, ಬೆಳೆದವರಿಗಾಗಿಯೇ ಮಾಡಿದ ಸೆಟ್‌ಗಳು ಇಂದು ಬರುತ್ತಿವೆ. ತಾನು ದುಡಿದ ಹಣದಲ್ಲಿ, ಮನೆಖರ್ಚಿಗೆ ಕೈ ಹಚ್ಚದೆ, ಒಂದು ಹವ್ಯಾಸ ಇಟ್ಟುಕೊಳ್ಳುವುದಕ್ಕೆ ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ. ಕೇಳಬೇಕಾದದ್ದು ಬೇರೆ ಪ್ರಶ್ನೆ: ಆ 4,000 ರೂಪಾಯಿಗೆ ತಕ್ಕ ವಸ್ತು ಕೈಗೆ ಬರುತ್ತದೆಯೇ?

ಹಂಚಿನ ಊರಿಗೆ ಗೊತ್ತಿರುವ ಗುಟ್ಟು

ಕೊಳ್ಳುವ ವಸ್ತುವಿನ ಗುಣ ತಿಳಿಯದೆ ಕೊಳ್ಳಬಾರದು. ಇದರ ಗುಣ ಮಂಗಳೂರಿನವರಿಗೆ ಅರ್ಥವಾಗುವಷ್ಟು ಬೇಗ ಬೇರೆಯವರಿಗೆ ಆಗಲಿಕ್ಕಿಲ್ಲ. ಪಂಪ್‌ವೆಲ್‌ನಿಂದ ಹೆಚ್ಚು ದೂರವಿಲ್ಲದ ಜೆಪ್ಪುವಿನಲ್ಲಿ, ನೇತ್ರಾವತಿ ದಡದಲ್ಲಿ, 1865ರಲ್ಲಿ ಬಾಸೆಲ್ ಮಿಶನ್‌ನ ಪ್ಲೆಬ್ಸ್ಟ್ ಎಂಬವರು ಹಂಚಿನ ಕಾರ್ಖಾನೆ ಹಾಕಿದರು. ಅಲ್ಲಿಂದ ನಮ್ಮ ಮಂಗಳೂರು ಹಂಚು ಲೋಕಪ್ರಸಿದ್ಧವಾಯಿತು. ಆ ಹಂಚಿನ ಹೆಚ್ಚುಗಾರಿಕೆ ಏನು? ಒಂದರ ಅಂಚು ಇನ್ನೊಂದರ ತೋಡಿನೊಳಗೆ ಸರಿಯಾಗಿ ಕೂರುತ್ತದೆ. ಗಾರೆ ಬೇಡ. ಒಂದು ಒಡೆದರೆ ಅದನ್ನು ಮಾತ್ರ ತೆಗೆದು ಬೇರೆಯದನ್ನು ಹಾಕಬಹುದು. ಹಿಂಬದಿಯಲ್ಲಿ ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ.

ಆಟದ ಇಟ್ಟಿಗೆಯ ಗುಟ್ಟೂ ಇದೇ. ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ 1932ರಲ್ಲಿ ಮರದ ಆಟಿಕೆ ಮಾಡಲು ತೊಡಗಿದರು. ಅದೇ ಮುಂದೆ ಲೆಗೊ ಕಂಪೆನಿ ಆಯಿತು. ಕೂಡುವ ಪ್ಲಾಸ್ಟಿಕ್ ಇಟ್ಟಿಗೆ ಮೊದಲು ಮಾಡಿದವರು ಅವರಲ್ಲ. ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್ ಎಂಬವರ 'ಕಿಡ್ಡಿಕ್ರಾಫ್ಟ್' ಇಟ್ಟಿಗೆ ಅದಕ್ಕಿಂತ ಮೊದಲೇ ಇತ್ತು. ಲೆಗೊದವರು 1949ರಲ್ಲಿ ತಮ್ಮದನ್ನು ತಂದರು. ಆದರೆ ಆ ಇಟ್ಟಿಗೆ ಸುಲಭದಲ್ಲಿ ಬಿಟ್ಟುಕೊಳ್ಳುತ್ತಿತ್ತು. ಒಳಗಡೆ ಟೊಳ್ಳು ಕೊಳವೆಗಳನ್ನು ಇಟ್ಟು, ಕೆಳಗಿನ ಇಟ್ಟಿಗೆಯ ಉಬ್ಬುಗಳು ಆ ಕೊಳವೆಗಳ ಮತ್ತು ಗೋಡೆಯ ನಡುವೆ ಬಿಗಿಯಾಗಿ ಕೂರುವಂತೆ ಮಾಡಿ 1958ರ ಜನವರಿ 28ರಂದು ಪೇಟೆಂಟಿಗೆ ಅರ್ಜಿ ಹಾಕಿದರು. ಅಂದು ಮಾಡಿದ ಇಟ್ಟಿಗೆಗೆ ಇಂದಿನದು ಕೂರುತ್ತದೆ. ಅಜ್ಜನ ಕಾಲದ ಮಾಡಿಗೆ ಇಂದಿನ ಹಂಚು ಕೂತ ಹಾಗೆ!

ಆದ್ದರಿಂದ ಇಲ್ಲಿ ಬೆಲೆ ಇರುವುದು ಹಿಡಿತಕ್ಕೆ. ಡಬ್ಬ ಹರಿಯುತ್ತದೆ, ಪುಸ್ತಿಕೆ ಕಳೆಯುತ್ತದೆ, ಒಳ್ಳೆಯ ತುಣುಕು ಮಾತ್ರ ಮೂರು ತಲೆಮಾರಿಗೆ ಉಳಿಯುತ್ತದೆ. ಇದೊಂದನ್ನು ಮನಸ್ಸಿನಲ್ಲಿಟ್ಟರೆ ಉಳಿದದ್ದೆಲ್ಲ ಸುಲಭ.

ಬಸ್ಸಿಳಿಯುವ ಮೊದಲೇ ತೀರ್ಮಾನ

ಪಂಪ್‌ವೆಲ್ ಎಂದರೆ ನಮ್ಮ ಕಡೆಯವರಿಗೆ ಪೇಟೆಯ ಹೊಸ್ತಿಲು. ಬಿ.ಸಿ.ರೋಡ್ ಕಡೆಯಿಂದ ಬರುವ ದಾರಿಯೂ ತೊಕ್ಕೊಟ್ಟು, ಮಂಜೇಶ್ವರ ಕಡೆಯಿಂದ ಬರುವ ದಾರಿಯೂ ಸೇರುವುದು ಅಲ್ಲಿ. ಅಲ್ಲಿಂದ ಮುಂದೆ ಕಂಕನಾಡಿ, ಹಂಪನಕಟ್ಟೆ, ಕೆ.ಎಸ್. ರಾವ್ ರಸ್ತೆಯ ಸಿಟಿ ಸೆಂಟರ್ ಮಾಲ್ ಅಥವಾ ಪಾಂಡೇಶ್ವರದ ಫಿಝಾ ಮಾಲ್. ಹೊಸ್ತಿಲು ದಾಟುವ ಮೊದಲೇ ಮೂರು ಸಂಗತಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಎಷ್ಟು ಹಣ, ಯಾವ ಬಗೆಯ ಸೆಟ್, ಮನೆಯಲ್ಲಿ ಇಡಲು ಎಲ್ಲಿ ಜಾಗ.

ಅಂಗಡಿಯ ಬೆಳಕಿನಲ್ಲಿ ನಿಂತ ಮೇಲೆ ತೀರ್ಮಾನ ಮಾಡಹೊರಟರೆ ತೀರ್ಮಾನ ಅಂಗಡಿಯವರದಾಗುತ್ತದೆ. ನಿಮ್ಮದು ಬರೀ ಕೈಚೀಲ!

ಬಂಟ್ವಾಳದ ಸೋದರಿ 4,000 ರೂಪಾಯಿಯನ್ನು ಹೀಗೆ ಪಾಲು ಮಾಡಬಹುದು. 2,500 ರೂಪಾಯಿಗೆ ಒಂದು ಒಳ್ಳೆಯ ಸೆಟ್. 800 ರೂಪಾಯಿಗೆ ಬಿಡಿ ಇಟ್ಟಿಗೆ. ಉಳಿದ 700 ರೂಪಾಯಿ ಮುಟ್ಟದೆ ಇಡುವುದು. ಹಬ್ಬದ ಸಮಯಕ್ಕೋ ಹಳೆಯ ದಾಸ್ತಾನು ಮಾರುವಾಗಲೋ ಅದು ಕೈಗೆ ಬರುತ್ತದೆ. ಹವ್ಯಾಸದ ಹಣಕ್ಕೆ ಬೇರೆಯೇ ಒಂದು ಡಬ್ಬಿ ಇರಲಿ. ಹಾಲಿನ ದುಡ್ಡು, ಗ್ಯಾಸಿನ ದುಡ್ಡು ಅದಕ್ಕೆ ಸೇರಬಾರದು, ಅದರ ದುಡ್ಡು ಇದಕ್ಕೂ ಹೋಗಬಾರದು. ಹೀಗಿದ್ದರೆ ಮನೆಯವರ ನಗು ತಾನಾಗಿ ನಿಲ್ಲುತ್ತದೆ.

ಇನ್ನೊಂದು ನಿಯಮ: ತಂದದ್ದನ್ನು ಕಟ್ಟಿ ಮುಗಿಸದೆ ಮುಂದಿನದನ್ನು ಕೊಳ್ಳಬಾರದು. ಪಂಪ್‌ವೆಲ್‌ನ ಫ್ಲೈಓವರ್ ನಿಮಗೆ ನೆನಪಿರಬೇಕು. ಸುಮಾರು ಹತ್ತು ವರ್ಷ ಎಳೆದು, ಊರಿಗೆಲ್ಲ ನಗೆಮಾತಾಗಿ, 2020ರ ಜನವರಿ 31ರಂದು ಅಂತೂ ತೆರೆಯಿತು. ನಮ್ಮ ಮನೆಯ ಕಪಾಟಿನಲ್ಲಿ ಅಂಥ ಅರೆಬರೆ ಸೇತುವೆಗಳು ಸಾಲಾಗಿ ಕೂರುವುದು ಬೇಡ.

ತುಣುಕಿನ ಲೆಕ್ಕ

ಒಳ್ಳೆಯ ಕಂಪೆನಿಯ ಡಬ್ಬದ ಮೇಲೆ ಒಳಗೆ ಎಷ್ಟು ತುಣುಕು ಎಂದು ಅಚ್ಚಾಗಿರುತ್ತದೆ. ಬೆಲೆಯನ್ನು ಆ ಸಂಖ್ಯೆಯಿಂದ ಭಾಗಿಸಿ. ಉದಾಹರಣೆಗೆ, 250 ತುಣುಕಿನ ಡಬ್ಬಕ್ಕೆ 2,000 ರೂಪಾಯಿ ಎನ್ನಿ, ತುಣುಕಿಗೆ 8 ರೂಪಾಯಿ ಆಯಿತು. ಪಕ್ಕದಲ್ಲಿ 600 ತುಣುಕಿನ ಡಬ್ಬಕ್ಕೆ 4,200 ಎಂದರೆ ತುಣುಕಿಗೆ 7 ರೂಪಾಯಿ. ಎರಡನೆಯದೇ ಲಾಭ ಅಲ್ಲವೇ?

ತಡೆಯಿರಿ! ಇಲ್ಲಿಯೂ ನುಚ್ಚಕ್ಕಿ ಉಂಟು. 600ರಲ್ಲಿ 350 ತುಣುಕು ಹೆಸರುಕಾಳಿನ ಗಾತ್ರದ ಅಲಂಕಾರದ ಚೂರುಗಳೇ ಆಗಿದ್ದರೆ ಲೆಕ್ಕ ತಲೆಕೆಳಗು. ಆದ್ದರಿಂದ ಡಬ್ಬದ ಹಿಂಬದಿಯ ಚಿತ್ರವನ್ನು ಸಾವಕಾಶ ನೋಡಿ. ಗೋಡೆ ಕಟ್ಟುವ ದೊಡ್ಡ ಇಟ್ಟಿಗೆ ಎಷ್ಟು, ಚೂರು ಎಷ್ಟು ಎಂಬ ಅಂದಾಜು ಸಿಗುತ್ತದೆ. ತೂಕವೂ ಒಂದು ಅಳತೆ. ಎರಡು ಸಾಲಿನಲ್ಲಿ ನಾಲ್ಕು ನಾಲ್ಕರಂತೆ ಎಂಟು ಉಬ್ಬು ಇರುವ ಲೆಗೊ ಇಟ್ಟಿಗೆಯೊಂದು ಸುಮಾರು 2.3 ಗ್ರಾಂ ತೂಗುತ್ತದೆ. ಎಂದರೆ ಕಿಲೋಕ್ಕೆ 430ರ ಆಸುಪಾಸು. ಬಿಡಿ ಇಟ್ಟಿಗೆ ತೂಕದ ಮೇಲೆ ಕೊಳ್ಳುವಾಗ ಈ ಲೆಕ್ಕ ನೆನಪಿಡಿ.

ತುಂಬ ಸೆಟ್ ಇದ್ದರೇ ಹವ್ಯಾಸ ಎಂಬ ಭ್ರಮೆಯೂ ಬೇಡ. ಡೆನ್ಮಾರ್ಕಿನ ಗಣಿತಜ್ಞ ಸೋರೆನ್ ಐಲರ್ಸ್ ಲೆಕ್ಕ ಹಾಕಿ ತೋರಿಸಿದ್ದಾರೆ: ಒಂದೇ ಬಣ್ಣದ, ಎಂಟು ಉಬ್ಬಿನ ಕೇವಲ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದಂತೆ! ಆರು ತರಕಾರಿಯಲ್ಲಿ ವಾರವಿಡೀ ಬೇರೆ ಬೇರೆ ಪದಾರ್ಥ ಮಾಡುವ ನಮಗೆ ಇದು ಆಶ್ಚರ್ಯವೇನಲ್ಲ.

ಡಬ್ಬದ ಮೇಲೆ ಏನೇನು ಇರಬೇಕು?

2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ಮಾಡಿದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ನೀರು ಕಾಯಿಸುವ ಹೀಟರಿನ ಮೇಲೆ ಹುಡುಕುವ ಅದೇ ಗುರುತು. ಅದರ ಮೇಲ್ಗಡೆ ಐ.ಎಸ್. 9873 ಎಂಬ ಸಂಖ್ಯೆ, ಕೆಳಗೆ ಸಿ.ಎಂ./ಎಲ್. ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಬ್ಯಾಟರಿ ಅಥವಾ ಕರೆಂಟಿನಲ್ಲಿ ನಡೆಯುವ ಆಟಿಕೆಯಾದರೆ ಐ.ಎಸ್. 15644. ಸಂಶಯ ಬಂದರೆ ಮೊಬೈಲಿನ 'ಬಿ.ಐ.ಎಸ್. ಕೇರ್' ಆ್ಯಪ್‌ನಲ್ಲಿ ಆ ಪರವಾನಗಿ ಸಂಖ್ಯೆ ಒತ್ತಿ ನೋಡಿ, ಯಾರದೆಂದು ತಿಳಿಯುತ್ತದೆ.

ಇನ್ನು ಎಂ.ಆರ್.ಪಿ. ವಿದೇಶದಿಂದ ಬಂದ ಡಬ್ಬವಾದರೆ ತರಿಸಿದವರ ಹೆಸರು, ವಿಳಾಸ, ಯಾವ ದೇಶದ್ದು, ದೂರು ಹೇಳಲು ಯಾರನ್ನು ಕರೆಯಬೇಕು – ಇಷ್ಟೂ ಚೀಟಿಯಲ್ಲಿ ಇರಲೇಬೇಕು. ಚೀಟಿ ಹರಿದಿದ್ದರೆ, ಒಂದರ ಮೇಲೆ ಒಂದು ಅಂಟಿಸಿದ್ದರೆ ಡಬ್ಬ ಕೆಳಗಿಡಿ. ಮುಚ್ಚಳದ ಅಂಟುಪಟ್ಟಿ ಒಮ್ಮೆ ಬಿಚ್ಚಿ ಮತ್ತೆ ಅಂಟಿಸಿದಂತೆ ಕಂಡರೂ ಹಾಗೆಯೇ. ಡಬ್ಬದ ಮೇಲೆ ಸೆಟ್ಟಿನ ಸಂಖ್ಯೆ ಇರುತ್ತದೆ. ಅದನ್ನು ಬರೆದುಕೊಂಡು ಎರಡು ಕಡೆ ಬೆಲೆ ವಿಚಾರಿಸಿ. 'ಭಾರಿ ರಿಯಾಯಿತಿ' ಎಂದರೆ ಯಾವ ಬೆಲೆಯ ಮೇಲೆ ರಿಯಾಯಿತಿ ಎಂದು ಕೇಳಿ.

ಬಿಲ್ಲು ಬಿಡಬೇಡಿ. "ಬಿಲ್ಲು ಬೇಕಾದ್ರೆ ಟ್ಯಾಕ್ಸ್ ಬೀಳ್ತದೆ ಅಕ್ಕ" ಎಂದರೆ, ಎಂ.ಆರ್.ಪಿ.ಯಲ್ಲಿ ಎಲ್ಲ ತೆರಿಗೆ ಸೇರಿಯೇ ಇದೆ ಎಂದು ನಯವಾಗಿ ಹೇಳಿ. ತುಣುಕು ಕಮ್ಮಿ ಬಂದರೆ, ಬದಲಿಸಿ ಕೊಡದಿದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ವಸ್ತು ಕೊಂಡ ಊರಿಗೆ ಅಲೆಯಬೇಕಾಗಿಲ್ಲ. ಇದಕ್ಕೆಲ್ಲ ಬೇಕಾದ್ದು ಆ ಒಂದು ಚೂರು ಬಿಲ್ಲು.

1,500 ರೂಪಾಯಿಯ ಆ ಡಬ್ಬ

ಈಗ ಸೋದರಿಯ ಮೊದಲ ಪ್ರಶ್ನೆ. ಸಾವಿರ ತುಣುಕಿಗೆ 1,500 ಎಂದರೆ ತುಣುಕಿಗೆ ಒಂದೂವರೆ ರೂಪಾಯಿ. ಅಗ್ಗವೇನೋ ಹೌದು. ಕೊಳ್ಳಬಹುದೇ?

ಇಲ್ಲಿ ಒಂದು ಭೇದ ತಿಳಿದಿರಲಿ. ಲೆಗೊ ಇಟ್ಟಿಗೆಯ ಮೂಲ ಪೇಟೆಂಟುಗಳ ಅವಧಿ ಮುಗಿದು ಬಹಳ ಕಾಲವಾಯಿತು. ಅದಕ್ಕೆ ಹೊಂದುವ ಇಟ್ಟಿಗೆಯನ್ನು ತಮ್ಮದೇ ಹೆಸರಿನಲ್ಲಿ ಮಾಡಿ ಮಾರುವವರು ಕಳ್ಳರಲ್ಲ. ಕೆನಡಾದ ಸುಪ್ರೀಂ ಕೋರ್ಟ್ 2005ರಲ್ಲಿ, ಯುರೋಪಿನ ನ್ಯಾಯಾಲಯ 2010ರಲ್ಲಿ, ಇಟ್ಟಿಗೆಯ ಆ ಆಕಾರವನ್ನೇ ಟ್ರೇಡ್‌ಮಾರ್ಕ್ ಎಂದು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ ಎಂದವು. ಹಾಗಾಗಿ 'ಬೇರೆ ಕಂಪೆನಿ' ಎಂದ ಮಾತ್ರಕ್ಕೆ ಮೂಗು ಮುರಿಯಬೇಡಿ. ಕಡಿಮೆ ಬೆಲೆಗೆ ಒಳ್ಳೆಯ ಮಾಲೂ ಸಿಗುತ್ತದೆ. ಆದರೆ ಒಬ್ಬರ ಹೆಸರನ್ನು ಒಂದಕ್ಷರ ತಿರುಚಿ, ಅವರ ಡಬ್ಬದ ಚಿತ್ರವನ್ನೇ ಕದ್ದು ಹಾಕಿದ್ದು ನಕಲಿ ಮಾಲು. ಅದರಲ್ಲಿ ಯಾವ ಪ್ಲಾಸ್ಟಿಕ್, ಯಾವ ಬಣ್ಣ, ಯಾರು ಪರೀಕ್ಷೆ ಮಾಡಿದ್ದಾರೆ – ಯಾರಿಗೂ ಗೊತ್ತಿಲ್ಲ.

ಕೈಯಲ್ಲೇ ಮಾಡಬಹುದಾದ ಪರೀಕ್ಷೆ ಹೇಳುತ್ತೇನೆ. ಎರಡು ಇಟ್ಟಿಗೆ ಕೂಡಿಸಿ. 'ಟಿಕ್' ಎಂದು ಸದ್ದು ಮಾಡಿ ಕೂರಬೇಕು. ತಲೆಕೆಳಗೆ ಹಿಡಿದು ಅಲುಗಾಡಿಸಿ, ಬೀಳಬಾರದು. ಬೆರಳಲ್ಲೇ ಬಿಡಿಸಿ, ಉಗುರು ಮುರಿಯಬಾರದು. ಅಂಚಿನ ಮೇಲೆ ಬೆರಳು ಆಡಿಸಿ, ಚುಚ್ಚಬಾರದು. ಮೂಗಿನ ಬಳಿ ಹಿಡಿಯಿರಿ, ಘಾಟು ಬರಬಾರದು. ಲೆಗೊ ಎಂದು ಹೇಳಿ ಕೊಟ್ಟರೆ ಪ್ರತಿ ಉಬ್ಬಿನ ತಲೆಯ ಮೇಲೂ ಆ ಹೆಸರು ಕೆತ್ತಿದಂತೆ ಕಾಣಬೇಕು, ಹಂಚಿನ ಬೆನ್ನಿನ ಅಚ್ಚಿನ ಹಾಗೆ.

ರಸ್ತೆ ಬದಿಯ ಆ ಡಬ್ಬವನ್ನು ಬಿಚ್ಚಿ ತೋರಿಸಲು ಅವನು ಒಪ್ಪುವುದಿಲ್ಲ. ಬಿಲ್ಲು ಇಲ್ಲ, ಗುರುತು ಇಲ್ಲ, ನಾಳೆ ಅವನೂ ಅಲ್ಲಿರುವುದಿಲ್ಲ. ಹಾಗಾದರೆ ಅದರ ಬೆಲೆ ಒಂದೂವರೆ ರೂಪಾಯಿಯಲ್ಲ. ಹಿಡಿತವಿಲ್ಲದ ಸಾವಿರ ತುಣುಕು ತಂದರೆ 1,500 ರೂಪಾಯಿಯೂ ನೀರಿಗೆ, ಹುಮ್ಮಸ್ಸೂ ನೀರಿಗೆ. ಸೋದರಿ, ಬೇಡ. ಬಸ್ಸು ಹತ್ತಿ.

ದುಬೈಯಿಂದ ಬರುವವರಿದ್ದರೆ

ವಿದೇಶಿ ಸೆಟ್‌ಗಳು ನಮ್ಮಲ್ಲಿ ಇಷ್ಟು ದುಬಾರಿ ಏಕೆ ಎಂದು ಕೇಳುತ್ತೀರಿ. ಒಂದು ಕಾರಣ ಆಮದು ಸುಂಕ. 2020ರಲ್ಲಿ ಆಟಿಕೆಗಳ ಸುಂಕವನ್ನು ಶೇ. 20ರಿಂದ ಶೇ. 60ಕ್ಕೆ, 2023ರ ಬಜೆಟ್ಟಿನಲ್ಲಿ ಶೇ. 70ಕ್ಕೆ ಏರಿಸಿದರು. ನಮ್ಮ ಜಿಲ್ಲೆಯಲ್ಲಿ ಕೊಲ್ಲಿ ದೇಶದಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ಅಪರೂಪ. ಮೈದುನನೋ ಅಣ್ಣನೋ ರಜೆಗೆ ಬರುವಾಗ ಸೆಟ್ಟಿನ ಸಂಖ್ಯೆ ಬರೆದು ಕಳಿಸಿ, ಅಲ್ಲಿಯ ಬೆಲೆ ವಿಚಾರಿಸಿ. ರೂಪಾಯಿ ಲೆಕ್ಕಕ್ಕೆ ತಿರುಗಿಸಿ ಹೋಲಿಸಿದ ಮೇಲೆ ಮಾತ್ರ ಹೇಳಿ.

ಸೆಟ್ಟಿನ ಡಬ್ಬದಲ್ಲಿ ಅರ್ಧಕ್ಕರ್ಧ ಗಾಳಿ ಇರುತ್ತದೆ. ಒಳಗಿನ ಪೊಟ್ಟಣಗಳನ್ನು ತೆಗೆದು ಬಟ್ಟೆಗಳ ಎಡೆಯಲ್ಲಿಟ್ಟು, ಡಬ್ಬವನ್ನು ಮಡಚಿ, ಪುಸ್ತಿಕೆಯನ್ನು ಪೆಟ್ಟಿಗೆಯ ತಳದಲ್ಲಿ ಮಟ್ಟಸವಾಗಿ ಇಟ್ಟರೆ ಜಾಗ ಉಳಿಯುತ್ತದೆ. ಸುಂಕವಿಲ್ಲದೆ ತರಬಹುದಾದ ಮಿತಿಯೊಳಗೆ ಇರಲಿ. ತರುವವರಿಗೆ ಹಣ ಮೊದಲೇ ಕೊಡಿ. "ಆಮೇಲೆ ನೋಡುವ" ಎಂದು ಉಳಿದ ಲೆಕ್ಕ ನೆಂಟಸ್ತಿಕೆಯನ್ನು ಕೆಡಿಸುತ್ತದೆ.

ಹಳೆಯದು ಕೊಂಡರೆ ಅವಮಾನವಿಲ್ಲ

ಮಕ್ಕಳು ದೊಡ್ಡವರಾದ ಮನೆಗಳಲ್ಲಿ ಇಟ್ಟಿಗೆ ತುಂಬಿದ ಚೀಲಗಳು ಅಟ್ಟದ ಮೇಲೆ ಬಿದ್ದಿರುತ್ತವೆ. ಕೆಲವು ಗುಜರಿ ಅಂಗಡಿಗೂ ಹೋಗುತ್ತವೆ. ಕೇಳಿ ನೋಡಿ. ಹಳೆಯ ಚೀಲ ಕೊಳ್ಳುವಾಗ ಒಂದು ಮೊರದ ಮೇಲೆ ಸುರಿದು ನೋಡಿಯೇ ದರ ಮಾತಾಡಿ. ಕಂಪೆನಿ ಬೆರಕೆಯಾಗಿದೆಯೇ, ಬಿರುಕು ಬಿಟ್ಟಿದೆಯೇ, ಹಲ್ಲಿನ ಗುರುತು ಇದೆಯೇ ನೋಡಿ. ಬಿಳಿ ಇಟ್ಟಿಗೆ ಹಳದಿಯಾಗಿದ್ದರೆ ಅದು ಬಿಸಿಲು ತಿಂದದ್ದು. ಹಿಡಿತ ಸರಿ ಇದ್ದರೆ ಕೊಳ್ಳಿ, ದರ ಇಳಿಸಿ ಕೇಳಿ.

ತಂದ ಮೇಲೆ ತೊಳೆಯುವ ಕ್ರಮ: ಸ್ವಲ್ಪವೇ ಸೋಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಕೈಯಿಂದ ತೊಳೆಯಿರಿ. ನೀರಿನ ಬಿಸಿ 40 ಡಿಗ್ರಿ ಮೀರಬಾರದು. ಕುದಿನೀರಿಗೆ ಹಾಕಿದರೆ ಇಟ್ಟಿಗೆ ಸೊಟ್ಟಗಾಗಿ ಹಿಡಿತ ಹೋಗುತ್ತದೆ. ವಾಷಿಂಗ್ ಮಶೀನಿಗೂ ಹಾಕಬೇಡಿ. ಹಪ್ಪಳದ ಹಾಗೆ ಬಿಸಿಲಿಗೆ ಹರವಬೇಡಿ. ನೆರಳಲ್ಲಿ ಬಟ್ಟೆಯ ಮೇಲೆ ಉಬ್ಬು ಕೆಳಗೆ ಮಾಡಿ ಒಣಗಿಸಿ. ಜೋಡಣೆಯ ಪುಸ್ತಿಕೆ ಇಲ್ಲವೆಂದು ಚಿಂತೆ ಬೇಡ. ಲೆಗೊ ಸೆಟ್ ಆದರೆ ಸಂಖ್ಯೆ ಗೊತ್ತಿದ್ದರೆ ಸಾಕು, ಕಂಪೆನಿಯೇ ಅನೇಕ ಹಳೆಯ ಪುಸ್ತಿಕೆಗಳನ್ನೂ ಮೊಬೈಲಿನಲ್ಲಿ ಪುಕ್ಕಟೆ ನೋಡಲು ಕೊಡುತ್ತದೆ.

"ಬಂಗಾರಕ್ಕಿಂತ ಲಾಭ" ಎನ್ನುವವರಿಗೆ

ಈ ಮಾತು ಈಗೀಗ ಬಹಳ ಕೇಳಿಬರುತ್ತಿದೆ. ಅದರಲ್ಲಿ ಸ್ವಲ್ಪ ಸತ್ಯವೂ ಉಂಟು. ಒಂದು ಸೆಟ್ಟನ್ನು ಕಂಪೆನಿ ಸಾಮಾನ್ಯವಾಗಿ ಎರಡು ವರ್ಷದ ಆಸುಪಾಸು ಮಾಡಿ ನಿಲ್ಲಿಸುತ್ತದೆ. ಆಮೇಲೆ ಸಿಗದ ಸೆಟ್ಟಿಗೆ ಬೆಲೆ ಏರುತ್ತದೆ. ರಷ್ಯದ ಇಬ್ಬರು ಸಂಶೋಧಕಿಯರು 1987ರಿಂದ 2015ರವರೆಗಿನ ಸೆಟ್‌ಗಳ ಲೆಕ್ಕ ನೋಡಿ, ಬೆಲೆ ವರ್ಷಕ್ಕೆ ಸರಾಸರಿ ಶೇ. 11ರಷ್ಟು ಏರಿದೆ ಎಂದರು. ಆದರೆ 'ಸರಾಸರಿ' ಎಂಬ ಮಾತನ್ನು ಗಮನಿಸಿ. ಕೆಲವು ತುಂಬ ಏರಿದವು, ಕೆಲವು ಇಳಿದೇ ಹೋದವು. ಅದೂ ಸೀಲು ಒಡೆಯದ, ಮೂಲೆ ಮುದುಡದ ಡಬ್ಬಗಳಿಗೆ. ಮಂಗಳೂರಿನ ಮಳೆಗಾಲದಲ್ಲಿ ರಟ್ಟಿನ ಡಬ್ಬವನ್ನು ಹತ್ತು ವರ್ಷ ಬೂಸ್ಟು ಹಿಡಿಯದಂತೆ ಕಾಪಾಡಿ, ಆಮೇಲೆ ಗಿರಾಕಿ ಹುಡುಕಿ ಮಾರುವವರು ಯಾರು? ಬಂಗಾರವಾದರೆ ರಾತ್ರಿ ಕಷ್ಟ ಬಂದರೂ ಬೆಳಗ್ಗೆ ಅಡವಿಡಬಹುದು. ಇಟ್ಟಿಗೆ ಡಬ್ಬಕ್ಕೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಕಟ್ಟುವ ಸಂತೋಷಕ್ಕೆ ಕೊಳ್ಳಿ. ಲಾಭಕ್ಕೆ ಪೋಸ್ಟಾಫೀಸು ಇದೆ.

ನಿಲ್ಲಿಸುವ ಈ ಪದ್ಧತಿಯಿಂದ ನಮಗೆ ಬೇರೊಂದು ಉಪಕಾರ ಉಂಟು. ಹೊಸ ಮಾಲು ಬರುವ ಮೊದಲು ಅಂಗಡಿಯವರು ಹಳೆಯದನ್ನು ಖಾಲಿ ಮಾಡುತ್ತಾರೆ. ಆಗ ಕೇಳಿದರೆ ದರ ಇಳಿಯುತ್ತದೆ. ಆ 700 ರೂಪಾಯಿ ಇಟ್ಟದ್ದು ಇದಕ್ಕೇ!

ಮನೆಗೆ ತಂದ ಮೇಲೆ

ತುಣುಕುಗಳನ್ನು ಬಣ್ಣದ ಪ್ರಕಾರ ವಿಂಗಡಿಸಬೇಡಿ, ಆಕಾರದ ಪ್ರಕಾರ ವಿಂಗಡಿಸಿ. ಕೆಂಪು ರಾಶಿಯಲ್ಲಿ ಸಣ್ಣ ಕೆಂಪು ತುಣುಕು ಹುಡುಕುವುದು ಕಷ್ಟ. ಸಣ್ಣ ತುಣುಕುಗಳ ರಾಶಿಯಲ್ಲಿ ಕೆಂಪಿನದು ತಾನೇ ಕಣ್ಣಿಗೆ ಬೀಳುತ್ತದೆ. ಖಾಲಿ ಸಿಹಿತಿಂಡಿ ಡಬ್ಬಿ, ಹಾರ್ಲಿಕ್ಸ್ ಬಾಟಲಿ ಇದಕ್ಕೆ ಧಾರಾಳ ಸಾಕು. ದುಬಾರಿ ಪೆಟ್ಟಿಗೆ ಬೇಡ. ಪುಸ್ತಿಕೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೂನ್ ಬರುವ ಮೊದಲೇ ಮೇಲಿನ ಕಪಾಟಿಗೆ ಏರಿಸಿ. ಕಟ್ಟಿ ಮುಗಿದದ್ದನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡಬೇಡಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಓಡಾಡುತ್ತಿದ್ದರೆ ಈ ತುಣುಕುಗಳು ನೆಲದ ಮೇಲೆ ಇರಲೇಬಾರದು. ಬಾಯಿಗೆ ಹಾಕಿದರೆ ಉಸಿರು ಕಟ್ಟುತ್ತದೆ. ಆಟಿಕೆ ಪರೀಕ್ಷೆಯಲ್ಲಿ 31.7 ಮಿಲಿಮೀಟರ್ ಅಗಲದ ಒಂದು ಕುಳಿಯೊಳಗೆ ಪೂರ್ತಿ ಇಳಿಯುವ ಯಾವ ತುಣುಕನ್ನೂ ಆ ಪ್ರಾಯದ ಮಕ್ಕಳಿಗೆ ಅಪಾಯವೆಂದೇ ಎಣಿಸುತ್ತಾರೆ. ನಮ್ಮ ಇಟ್ಟಿಗೆಯಲ್ಲಿ ಹೆಚ್ಚಿನವು ಅಷ್ಟು ಸಣ್ಣವೇ. ದೀಪ ಹೊತ್ತುವ ಸೆಟ್ಟಿನ ಗುಂಡಿ ಬ್ಯಾಟರಿ ಇನ್ನೂ ಘೋರ, ನುಂಗಿದರೆ ಒಳಗನ್ನೇ ಸುಡುತ್ತದೆ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮೊಮ್ಮಗು ಬರುವ ವಾರ ಹವ್ಯಾಸಕ್ಕೆ ರಜೆ ಕೊಡಿ. ಆ ಮಗುವಿಗೇ ಏನಾದರೂ ಬೇಕೆಂದರೆ ಚನ್ನಪಟ್ಟಣದ ದೊಡ್ಡ ಮರದ ಇಟ್ಟಿಗೆಗಳು ಒಳ್ಳೆಯದು, ಆಲೆಮರದಲ್ಲಿ ಮಾಡಿ ಅರಗಿನ ಬಣ್ಣ ಹಾಕಿದ್ದು. ಅಲ್ಲಿಯೂ ಗಾತ್ರ ನೋಡಿಯೇ ಕೊಳ್ಳಿ.

ನಾಲ್ವರು ಸೇರಿದರೆ ನಾಲ್ಕು ಸೆಟ್

ಕೊನೆಯದಾಗಿ, ಖರ್ಚು ಇಳಿಸುವ ಅತ್ಯಂತ ಒಳ್ಳೆಯ ಉಪಾಯ. ಮಹಿಳಾ ಮಂಡಲದಲ್ಲೋ ಅಕ್ಕಪಕ್ಕದಲ್ಲೋ ಆಸಕ್ತಿ ಇರುವ ನಾಲ್ವರು ಜೊತೆಯಾಗಿ. ಒಬ್ಬೊಬ್ಬರು ಒಂದೊಂದು ಬೇರೆ ಸೆಟ್ ಕೊಳ್ಳಿ. ಕಟ್ಟಿ, ನೋಡಿ ಸಂತೋಷಪಟ್ಟು, ಬಿಡಿಸಿ, ಎರಡು ತಿಂಗಳಿಗೊಮ್ಮೆ ಬದಲಾಯಿಸಿಕೊಳ್ಳಿ. ಒಂದರ ಹಣದಲ್ಲಿ ನಾಲ್ಕು ಕಟ್ಟಿದ ಹಾಗಾಯಿತು! ತುಣುಕು ಕಳೆದ ಜಗಳ ಬಾರದಿರಲು ಕೊಡುವ ಮೊದಲು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ಡಬ್ಬಿಯ ಮೇಲೆ ಬರೆಯಿರಿ. ಮರಳಿ ಬಂದಾಗ ಮತ್ತೆ ತೂಗಿ. ಲೆಕ್ಕ ಸರಿ ಇದ್ದರೆ ಸ್ನೇಹ ಸರಿ.

ಕೈಚೀಲದಲ್ಲಿ ಇಟ್ಟುಕೊಳ್ಳಲು

(ಕತ್ತರಿಸಿ ಪರ್ಸಿನಲ್ಲಿ ಇಡಿ)

1. ಹಣದ ಮಿತಿ ಮನೆಯಲ್ಲೇ ಬರೆದು ಹೊರಡಿ.
2. ಬೆಲೆಯನ್ನು ತುಣುಕಿನ ಸಂಖ್ಯೆಯಿಂದ ಭಾಗಿಸಿ. ಚೂರು ಎಷ್ಟು ನೋಡಿ.
3. ಮಕ್ಕಳ ಸೆಟ್ಟಿಗೆ ಐ.ಎಸ್.ಐ. ಗುರುತು, ಯಾವುದಕ್ಕೂ ಎಂ.ಆರ್.ಪಿ., ತರಿಸಿದವರ ವಿಳಾಸ, ಸೀಲು.
4. ಕೂಡಿಸಿ, ಅಲುಗಾಡಿಸಿ, ಬಿಡಿಸಿ, ಮೂಸಿ.
5. ಬಿಲ್ಲು. ದೂರಿದ್ದರೆ 1915.
6. ಮೊದಲಿನದು ಮುಗಿಯದೆ ಮುಂದಿನದು ಇಲ್ಲ.

ನಿಮ್ಮಲ್ಲಿ ಯಾರಾದರೂ ಇಂಥ ಇಟ್ಟಿಗೆಯಲ್ಲಿ ನಮ್ಮ ಕಡೆಯ ಹಂಚಿನ ಮನೆಯನ್ನೋ ತುಳಸಿಕಟ್ಟೆಯನ್ನೋ ಕಟ್ಟಿದ್ದರೆ ಬರೆದು ತಿಳಿಸಿ, ಎಷ್ಟು ತುಣುಕು, ಎಷ್ಟು ಖರ್ಚು ಎಂಬ ಲೆಕ್ಕದ ಸಮೇತ. ಮುಂದಿನ ಸಂಚಿಕೆಯಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಮತ್ತು ವಾಲ್ವ್ ಕೊಳ್ಳುವಾಗ ನೋಡಬೇಕಾದ ಸಂಗತಿಗಳು.